ಚರ್ಚಿನ ಹಿಂದಕ್ಕೆ ಹೊರಟ ನಮ್ಮತ್ತೆ

ಲಂಡನ್ನಿನ ನಮ್ಮ ಕೆಂಟನ್, ಕ್ವೀನ್ಸ್‌ಬರಿ ಕಡೆಯ ನೆಲವೆಲ್ಲ ದೋಸೆ ಹೆಂಚಿನಷ್ಟು ಸಮತಟ್ಟು. ದೂರದ ಹ್ಯಾರೋ ಗುಡ್ಡವೊಂದನ್ನು ಬಿಟ್ಟರೆ ತಲೆಯೆತ್ತಿ ನೋಡುವಂಥದ್ದು ಏನೂ ಇಲ್ಲ. ಇಂಥ ಜಾಗದಲ್ಲಿ ನಿಂತು ಹಿಮದ ಬೆಟ್ಟ ಕಾಣುವ ಶಕ್ತಿ ಪ್ರಪಂಚದಲ್ಲಿ ಒಬ್ಬರಿಗೆ ಮಾತ್ರ ಇದೆ: ನಮ್ಮತ್ತೆಗೆ!

ಅತ್ತೆ ಎಂದೊಡನೆ ಗಂಡನ ತಾಯಿ ಎಂದುಕೊಂಡು ಇಲ್ಲಿ ಜಗಳ ಹುಡುಕಬೇಡಿ. ಇವರು ನನ್ನ ಅಪ್ಪನ ತಂಗಿ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಲಂಡನ್ನಿಗೆ ಬಂದು, ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳನ್ನು ಮಲಗಿಸುವ ಅರಿವಳಿಕೆ ಡಾಕ್ಟರಾಗಿ ದುಡಿದು ಈಗ ನಿವೃತ್ತರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ "ಮರೆತೇ ಹೋಯ್ತು ಕಣೇ" ಎನ್ನುತ್ತಾರೆ, ಒಲೆ ಆರಿಸಲು ಮರೆತವರ ಧಾಟಿಯಲ್ಲಿ!

ಕ್ವೀನ್ಸ್‌ಬರಿಯ ಅವರ ಫ್ಲ್ಯಾಟಿನ ಕಿಟಕಿಯಿಂದ ಕಾಣುವುದು ಒಂದು ಲಾಂಡ್ರಿಯ ಹಿಂಗೋಡೆ. ಅದರೆದುರು ಕಾಫಿ ಲೋಟ ಹಿಡಿದು ಕುಳಿತರೆ ಅರ್ಧ ಬೆಳಗು ಕಳೆದುಹೋಗುತ್ತದೆ.

"ನೋಡೇ, ಮಂಜು ಹೇಗೆ ಬೆಟ್ಟ ಹತ್ತುತಾ ಇದೆ!"

"ಅತ್ತೆ, ಅದು ಲಾಂಡ್ರಿಯ ಹಬೆ."

"ಹಬೆಯಾದ್ರೇನು? ಹತ್ತುತಾ ಇದೆಯಲ್ಲ!"

ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ?

ಹೋದ ವರ್ಷ ಯುಗಾದಿಯ ಹೊತ್ತಿಗೆ ಅವರು ಒಂದು ಬಾಂಬು ಹಾಕಿದರು. ಆಸ್ಟ್ರಿಯಾ ದೇಶದಲ್ಲಿ, ಆಲ್ಪ್ಸ್ ಬೆಟ್ಟಗಳ ಮಡಿಲಲ್ಲಿರುವ ಒಂದು ಹಳ್ಳಿಗೆ ಹೋಗಬೇಕಂತೆ. ಅಲ್ಲಿ ಚಾರಣ ಮಾಡಬೇಕಂತೆ. ಹಳೆಯ ಗಣಿಯೊಂದಿದೆ, ಅದರೊಳಗೂ ಇಳಿಯಬೇಕಂತೆ. ಹಳ್ಳಿಯ ಹೆಸರು ಹೇಳಿದರು. ಅದನ್ನು ಬರೆಯೋಣವೆಂದರೆ ಕನ್ನಡದ ಒತ್ತಕ್ಷರಗಳೆಲ್ಲ ಸೇರಿದರೂ ಸಾಲುವುದಿಲ್ಲ, ಬಿಡಿ.

ಧಾರವಾಡದವರಾದ ನನ್ನ ಯಜಮಾನರು ಕನಿಕರದಿಂದ ಹೇಳಿದರು: "ಅತ್ತೀ, ಇಷ್ಟ್ಯಾಕ ತ್ರಾಸ ತಗೋತೀರಿ? ಹವಾ ಬದಲಿ ಬೇಕಂದ್ರ ಸಮುದ್ರದ ಕಡೆ ಹೋಗಿ ಬರ್ರಿ."

"ಸಮುದ್ರದ ಕಡೆ ಗಣಿ ಇರತ್ತೇನಪ್ಪ?"

"ಗಣಿ ಯಾಕ ಬೇಕ್ರಿ ನಿಮಗ? ಬಂಗಾರ ತರಾವ್ರಿದ್ದೀರೇನು?"

"ಅದು ಉಪ್ಪಿನ ಗಣಿ."

"ಹಂಗಾರ ಉಪ್ಪಿನಕಾಯಿ ಹಾಕಾಕ ಆತು ಬಿಡ್ರಿ!"

ಅತ್ತೆ ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಎಲ್ಲಿಗೋ ಹೋಗಿಬಿಟ್ಟಿದ್ದರು.

ಮಾರನೆಯ ದಿನದಿಂದ ತಾಲೀಮು ಶುರುವಾಯಿತು. ಬೆಟ್ಟ ಹತ್ತುವ ಬೂಟು ಬಂತು. ಹೊಸ ಬೂಟು ಕಾಲಿಗೆ ಪಳಗಬೇಕಲ್ಲ? ಕನ್ನಡಿಗರ ಯುಗಾದಿ ಕೂಟಕ್ಕೆ ಮೇಲೆ ಮೈಸೂರು ರೇಷ್ಮೆ ಸೀರೆ, ಕೆಳಗೆ ಸೈನಿಕರಂಥ ಬೂಟು! ಹೋಳಿಗೆ ಬಡಿಸುತ್ತಿದ್ದವರು ಸಾಲಿನಲ್ಲಿ ಬಗ್ಗಿದವರು ಬಗ್ಗಿದಂತೆಯೇ ನಿಂತರು. ಆಮೇಲೆ ಎರಡೂ ಕೈಗೆ ಊರುಗೋಲು ಬಂದವು. ಕ್ವೀನ್ಸ್‌ಬರಿಯ ತರಕಾರಿ ಅಂಗಡಿಗೆ ಅವನ್ನು ಊರಿಕೊಂಡು ಹೋಗಿ, ಆ ಕೋಲಿನ ತುದಿಯಿಂದಲೇ ಕುಂಬಳಕಾಯಿ ತಟ್ಟಿ ನೋಡಿ, ಅಂಗಡಿಯವರ ಕೈಲಿ ಬೈಸಿಕೊಂಡು ಬಂದರು.

ಎಲ್ಲಕ್ಕಿಂತ ಮಿಗಿಲಾದದ್ದು ಸ್ಟ್ರಾಟ್‌ಫರ್ಡಿನ ದೊಡ್ಡ ಮಾಲಿನಲ್ಲಿ ನಡೆಯಿತು. ಅತ್ತೆಯನ್ನು ಹೊರಗೆ ನಿಲ್ಲಿಸಿ ನಾನು ಕೋಟು ಕೊಳ್ಳಲು ಅಂಗಡಿಯೊಳಗೆ ಹೋಗಿದ್ದೆ. ಹೊರಗೆ ಬಂದು ನೋಡಿದರೆ, ಕೆಳಗಿಳಿಯುವ ಎಸ್ಕಲೇಟರಿನ ಮೇಲೆ ಅತ್ತೆ ಮೇಲಕ್ಕೆ ಹತ್ತುತ್ತಿದ್ದಾರೆ! ಹತ್ತಿದಷ್ಟೂ ಮೆಟ್ಟಿಲು ಅವರನ್ನು ಇದ್ದಲ್ಲೇ ಇರಿಸುತ್ತಿದೆ. ಎದುರಿಗೆ ಇಳಿದು ಬರುವವರಿಗೆಲ್ಲ ಸಾರಿ, ಸಾರಿ ಎನ್ನುತ್ತಿದ್ದಾರೆ. ಕಾವಲಿನವನು ಓಡಿ ಬಂದು, ಮೇಲೆ ಹೋಗುವುದು ಆ ಕಡೆ ಮೇಡಂ ಎಂದು ಬೆರಳು ತೋರಿಸಿದ.

"ಗೊತ್ತಪ್ಪ" ಎಂದರು ಅತ್ತೆ ಏದುಸಿರು ಬಿಡುತ್ತ, ಶುದ್ಧ ಕನ್ನಡದಲ್ಲಿ. "ನಾನು ಮೇಲೆ ಹೋಗ್ತಾ ಇಲ್ಲ. ಬೆಟ್ಟ ಹತ್ತುತಾ ಇದೀನಿ!"

ಇವರನ್ನು ಒಬ್ಬರೇ ಕಳಿಸುವುದುಂಟೇ? ಕಾವಲಿಗೆಂದು ನಾನೂ ಹೊರಟೆ.

ಬೇಸಿಗೆಯ ಕೊನೆಯಲ್ಲಿ ಆ ಹಳ್ಳಿಗೆ ಹೋಗಿ ಇಳಿದಾಗ, ನಿಜ ಹೇಳುತ್ತೇನೆ, ನನ್ನ ಬಾಯಿಯೇ ಕಟ್ಟಿಹೋಯಿತು. ಸುತ್ತ ಬೆಟ್ಟಗಳು ಒಂದರ ಹೆಗಲಿಗೊಂದು ಒರಗಿ ತೂಕಡಿಸುತ್ತಿದ್ದವು. ಮೋಡಗಳು ಅವಸರವಿಲ್ಲದೆ ಮರಗಳ ಸಂದಿಯಲ್ಲಿ ಸುಳಿದಾಡುತ್ತಿದ್ದವು. ಮರದ ಮನೆಗಳ ಕಿಟಕಿ ಕಿಟಕಿಗೂ ಕೆಂಪು ಹೂವು. ಎಲ್ಲಿಂದಲೋ ಹಸುಗಳ ಕೊರಳ ಗಂಟೆ, ಎಚ್ಚರವೋ ನಿದ್ದೆಯೋ ತಿಳಿಯದ ಹಾಗೆ. ಲಾಂಡ್ರಿಯ ಹಬೆಯಲ್ಲಿ ಅತ್ತೆ ಇಷ್ಟು ದಿನ ನೋಡುತ್ತಿದ್ದುದು ಇದನ್ನೇ ಎಂದು ನನಗೆ ಆಗ ಹೊಳೆಯಿತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಕೇಬಲ್ ಕಾರಿನಲ್ಲಿ ಹುಲ್ಲುಗಾವಲಿನವರೆಗೆ ಹೋಗಿ ನಡೆಯತೊಡಗಿದೆವು. ನಾಲ್ಕು ಹೆಜ್ಜೆಗೊಮ್ಮೆ ಅತ್ತೆ ನಿಲ್ಲುತ್ತಿದ್ದರು. ಸುಸ್ತಾಗಿ ಅಲ್ಲ, ಸುಮ್ಮನೆ. ಬೇಲಿಯಾಚೆ ಒಂದು ಕಂದು ಹಸು ನಿಂತಿತ್ತು.

"ಬಾರೇ ಗೌರಿ!" ಎಂದು ಕರೆದರು.

ಗೌರಿ ಬಂದಳು! ಬಂದು ಕೈಯನ್ನೂ ನೆಕ್ಕಿದಳು. ಜರ್ಮನ್ ಮಾತಾಡುವ ಸೀಮೆಯ ಹಸುವಿಗೂ ಕನ್ನಡ ತಿಳಿಯುತ್ತದೆ. ಕೆಂಟನ್ನಿನಲ್ಲಿ ಹುಟ್ಟಿದ ನನ್ನ ಮಗಳನ್ನು ಕರೆದರೆ "ಇನ್ ಎ ಮಿನಿಟ್ ಮಮ್" ಎಂಬ ಉತ್ತರ ಬರುತ್ತದೆ!

ಮಾರನೆಯ ದಿನ ಗಣಿ. ಎಲ್ಲರಿಗೂ ಮೇಲುಡುಪು ತೊಡಿಸಿದರು. ಬೆಂಚಿನಂಥ ಪುಟ್ಟ ರೈಲಿನ ಮೇಲೆ ಕುದುರೆ ಸವಾರಿಯಂತೆ ಕೂರಿಸಿ ಬೆಟ್ಟದ ಹೊಟ್ಟೆಯೊಳಕ್ಕೆ ಕರೆದೊಯ್ದರು. ಒಳಗೆ ತಣ್ಣಗಿತ್ತು. ಕೆಳಗಿನ ಅಂತಸ್ತಿಗೆ ಇಳಿಯಲು ಮರದ ಜಾರುಬಂಡೆ! ಗಣಿ ಕೆಲಸಗಾರರು ಹಿಂದೆ ಹೀಗೆಯೇ ಇಳಿಯುತ್ತಿದ್ದರಂತೆ. ನಾನು ದೇವರ ಹೆಸರುಗಳನ್ನು ನೆನೆಯುತ್ತಿರುವಾಗಲೇ ಅತ್ತೆ "ಹೋಯ್!" ಎಂದು ಜಾರಿ ಕತ್ತಲಲ್ಲಿ ಮಾಯವಾದರು. ನಾನು ಕೆಳಗೆ ಬಂದು ಬಿದ್ದಾಗ ಅವರು ಗಣಿಯ ಗೋಡೆ ನೆಕ್ಕುತ್ತಿದ್ದರು.

"ಅತ್ತೆ! ಏನಿದು?"

"ಉಪ್ಪೇ ಕಣೇ, ನಿಜವಾಗ್ಲೂ! ಇನ್ನು ಈ ಊರಿಗೆ ಎರಡು ಬಗೆಯೋ ಹಾಗಿಲ್ಲ."

ಕೊನೆಯಲ್ಲಿ ದಾರಿ ತೋರಿಸುವ ಹುಡುಗಿ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದಳು. ಗಣಿ ಎಷ್ಟು ಆಳ, ಎಷ್ಟು ಹಳೆಯದು ಎಂದೆಲ್ಲ ಜನ ಕೇಳಿದರು. ಅತ್ತೆ ಶಾಲೆಯ ಮಗುವಿನಂತೆ ಕೈಯೆತ್ತಿದರು. ಗಣಿ ಕೆಲಸಗಾರರು ಮೇಲೆ ಬಂದ ಮೇಲೆ ಚರ್ಚಿನ ಹಿಂದೆ ಏನು ಮಾಡುತ್ತಿದ್ದರು?

ಹುಡುಗಿ ಕಕ್ಕಾಬಿಕ್ಕಿಯಾದಳು. ಎಲ್ಲರೂ ನಕ್ಕರು. ಹೆಂಡ ಕುಡಿಯುತ್ತಿದ್ದರೇನೋ ಎಂದು ಯಾರೋ ತಮಾಷೆ ಮಾಡಿದರು. ನಾನೂ ನಕ್ಕೆ. ಅತ್ತೆ ಮಾತ್ರ ಗಂಭೀರವಾಗಿ ಉತ್ತರಕ್ಕೆ ಕಾದರು. ತನಗೆ ತಿಳಿಯದು ಎಂದಳು ಆಕೆ.

ಹೊರಗೆ ಬಂದದ್ದೇ ತಡ, ಅತ್ತೆ ಊರುಗೋಲು ಬಗಲಿಗೆ ಸಿಕ್ಕಿಸಿಕೊಂಡು ಚರ್ಚಿನ ಕಡೆ ಬಿರಬಿರನೆ ನಡೆದರು. ನಾನು ಹಿಂದೆ ಓಡಿದೆ. ಚರ್ಚು ಬಳಸಿ ಹಿಂದಕ್ಕೆ ಹೋದರೆ ಅಲ್ಲೇನಿದೆ? ಒಂದು ಕಲ್ಲಿನ ಗೋಡೆ. ಗೋಡೆಗೆ ತಾಗಿದಂತೆ ಮಾಸಿದ ಉದ್ದ ಬೆಂಚು. ಮೂಲೆಯಲ್ಲಿ ಕಸದ ಡಬ್ಬಿಗಳು. ಅತ್ತೆ ಆ ತುದಿಯಿಂದ ಈ ತುದಿಗೆ ನಡೆದರು. ಗೋಡೆ ಸವರಿದರು. ಬೆಂಚಿನ ಕೆಳಗೂ ಬಗ್ಗಿ ನೋಡಿದರು.

"ಇಷ್ಟೇನಾ?" ಎಂದರು. ಅವರ ಮುಖ ಅಷ್ಟು ಬಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇಲ್ಲಿ ಏನಿರಬೇಕಿತ್ತು ಅತ್ತೆ?"

ಊರುಗೋಲುಗಳನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು. "ಮಲಗಿಸೋಕೆ ಮುಂಚೆ ಪೇಷಂಟ್‌ಗಳಿಗೆ ಹೆದರಿಕೆ ಆಗತ್ತೆ ಕಣೇ. ನಾನು ಕೈ ಹಿಡ್ಕೊಂಡು, ನಿಮಗೆ ಇಷ್ಟವಾದ ಜಾಗ ಯಾವುದು, ಅಲ್ಲಿಗೆ ಹೋಗೋಣ, ಹೇಳಿ ಅಂತ ಕೇಳ್ತಿದ್ದೆ. ಒಬ್ಬರು ವಯಸ್ಸಾದವರು ಬಂದಿದ್ರು. ಹೆಸರು ಕೇಳಬೇಡ, ಹೇಳೋ ಹಾಗಿಲ್ಲ. ಚಿಕ್ಕ ವಯಸ್ಸಲ್ಲೇ ಈ ಊರು ಬಿಟ್ಟು ಲಂಡನ್ನಿಗೆ ಬಂದವರು. ಅವರಪ್ಪ ಈ ಗಣಿಯಲ್ಲಿ ಕೆಲಸ ಮಾಡ್ತಿದ್ರಂತೆ. ಜಾರುಬಂಡೆ ಕಥೆ ಹೇಳಿದ್ರು, ಹಸುಗಳ ಗಂಟೆ ಕಥೆ ಹೇಳಿದ್ರು. ಆಮೇಲೆ, 'ಸಾಯಂಕಾಲ ಅಪ್ಪ ಗಣಿಯಿಂದ ಮೇಲೆ ಬರ್ತಿದ್ರು ಡಾಕ್ಟರ್, ಬಂದು ಎಲ್ಲರೂ ಚರ್ಚಿನ ಹಿಂದೆ...' ಅಂದ್ರು. ಅಷ್ಟರಲ್ಲಿ ಮದ್ದು ಹತ್ತಿತು."

"ಎದ್ದ ಮೇಲೆ ಕೇಳಲಿಲ್ವಾ?"

"ಏಳಲಿಲ್ಲ ಕಣೇ ಅವರು. ಯಾರ ತಪ್ಪೂ ಅಲ್ಲ. ಹೃದಯ ಅಷ್ಟೇ ಕೇಳಿಕೊಂಡು ಬಂದಿತ್ತು." ಅತ್ತೆ ಗೋಡೆಯ ಕಡೆ ತಿರುಗಿದರು. "ಅವರ ಕೊನೇ ಮಾತು ಅರ್ಧ ನನ್ನ ಹತ್ರ ಉಳಿದುಬಿಡ್ತು. ಉಳಿದರ್ಧ ಇಲ್ಲಿರತ್ತೆ ಅಂದ್ಕೊಂಡೆ."

ಇಷ್ಟು ದಿನದ ಬೂಟು, ಊರುಗೋಲು, ಎಸ್ಕಲೇಟರು ಎಲ್ಲ ನನ್ನೆದುರು ಬೇರೆಯೇ ರೂಪದಲ್ಲಿ ನಿಂತವು.

ಪಕ್ಕದ ಮನೆಯಂಗಳದಲ್ಲಿ ಒಬ್ಬ ಅಜ್ಜಿ ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ನಮಗೆ ಅವಳ ಮಾತು ಬಾರದು. ಅತ್ತೆ ಗುದ್ದಲಿ ಹಿಡಿದು ಅಗೆಯುವಂತೆ ನಟಿಸಿ, ಗಣಿಯ ಕಡೆ ಕೈ ತೋರಿಸಿ, ಅಲ್ಲಿಂದ ಬೆಂಚಿನವರೆಗೆ ಬೆರಳಿನಲ್ಲೇ ನಡೆದು ಬಂದು, "ಆಮೇಲೆ?" ಎಂದು ಕೈಯಾಡಿಸಿದರು. ಅಜ್ಜಿ ಅವರನ್ನೇ ದಿಟ್ಟಿಸಿದಳು. ಹಿಡಿದಿದ್ದ ಬಟ್ಟೆಯನ್ನು ತಂತಿಯ ಮೇಲೆ ಬಿಟ್ಟು, ಬೇಲಿಯ ಬಾಗಿಲು ದಾಟಿ ಬಂದು ಬೆಂಚಿನ ಮೇಲೆ ಕುಳಿತಳು. ಬೆನ್ನನ್ನು ಗೋಡೆಗೆ ಒರಗಿಸಿದಳು. ಮೊದಲು ನೆಲದಡಿಯ ಕಡೆ ಬೆರಳು ಮಾಡಿ ಅಂಗೈಯಿಂದ ಕಣ್ಣು ಮುಚ್ಚಿ ತೋರಿಸಿದಳು. ಆಮೇಲೆ ಕೈ ತೆಗೆದು, ಮುಖವನ್ನು ಪಡುವಣ ಬೆಟ್ಟದ ಕಡೆಗೆ ಎತ್ತಿ, ಸುಮ್ಮನೆ ಕುಳಿತಳು. ಬೆಟ್ಟದ ನೆತ್ತಿಯಿಂದ ಸಂಜೆಯ ಬಿಸಿಲು ನೇರವಾಗಿ ಅವಳ ಮುಖದ ಮೇಲೆ ಬೀಳುತ್ತಿತ್ತು.

"ಬಿಸಿಲು ಕಾಯಿಸ್ತಿದ್ರು!" ಎಂದರು ಅತ್ತೆ. "ದಿನವೆಲ್ಲ ಕತ್ತಲಲ್ಲಿ ಇದ್ದು ಬಂದು, ಬಿಸಿಲು ಕಾಯಿಸ್ತಿದ್ರು ಕಣೇ, ಎಲ್ಲರೂ ಸಾಲಾಗಿ ಕೂತು."

ಅಜ್ಜಿ ಎದ್ದು ಅತ್ತೆಯ ಕೆನ್ನೆ ತಟ್ಟಿ ತನ್ನ ಬಟ್ಟೆಗಳ ಕಡೆ ಹೋದಳು. ಅತ್ತೆ ಅದೇ ಜಾಗದಲ್ಲಿ ಕುಳಿತರು. ಗೋಡೆ ಇನ್ನೂ ಬೆಚ್ಚಗಿತ್ತು. ನಾನು ಅವರಿಗೆ ಒತ್ತಿ ಕೂರಲು ಹೋದೆ.

"ಅಲ್ಲಿ ಬೇಡ ಕಣೇ" ಎಂದರು, ಕಣ್ಣು ತೆರೆಯದೆ. "ಸ್ವಲ್ಪ ಆ ಕಡೆ ಕೂತ್ಕೋ."

ನಾನು ಸರಿದು ಕುಳಿತೆ. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ. ಸೂರ್ಯ ಬೆಟ್ಟದ ಹಿಂದೆ ಇಳಿಯುವವರೆಗೆ ಹಾಗೇ ಕೂತು ಬಿಸಿಲು ಕಾಯಿಸಿದೆವು.