ಸ್ಕೋಪಿನ ಬಳೆ ಉಜ್ಜಿದ ಪ್ರಸಂಗ

ನಮ್ಮ ಮನೆಯಲ್ಲಿ ಡಬ್ಬಕ್ಕೆ ಮುಚ್ಚಳ ಸರಿಯಾಗಿ ಹಾಕಲು ಬರುವವಳು ನಾನೊಬ್ಬಳೇ. ಜಂಬಕ್ಕೆ ಹೇಳುತ್ತಿಲ್ಲ, ಈ ಅಡುಗೆಮನೆಯಲ್ಲಿ ನಲವತ್ತೆರಡು ವರ್ಷ ನಿಂತು ನೋಡಿ ಹೇಳುತ್ತಿದ್ದೇನೆ. ಒಂದೇ ಅಂಗಡಿಯಿಂದ ಒಂದೇ ಅಳತೆಯ ಎರಡು ಡಬ್ಬ ತಂದರೂ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಕೂತ ಹಾಗೆ ಕಾಣುತ್ತದೆ, ಅಷ್ಟೆ. ಮಳೆಗಾಲದಲ್ಲಿ ಬೆಲ್ಲ ನೀರಾದಾಗ, ಅವಲಕ್ಕಿ ಮೆತ್ತಗಾದಾಗ ಗೊತ್ತಾಗುತ್ತದೆ. ನಮ್ಮ ಯಜಮಾನರು ಇರುವಷ್ಟು ದಿನವೂ ಸಕ್ಕರೆ ಡಬ್ಬಕ್ಕೆ ರವೆ ಡಬ್ಬದ ಮುಚ್ಚಳ ಇಟ್ಟು, ಮೇಲಿಂದ ಒಂದು ಗುದ್ದು ಗುದ್ದಿ ಹೋಗುತ್ತಿದ್ದರು. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುವುದಿಲ್ಲ, ಬೇಕಾದರೆ ಆ ಡಬ್ಬದ ಇರುವೆಗಳನ್ನು ಕೇಳಿ. ಸೊಸೆ ಸುಮಿತ್ರಾ ಈ ಮನೆಗೆ ಕಾಲಿಟ್ಟ ವಾರವೇ ಅವಳಿಗೆ ಹೇಳಿದ್ದೆ: “ಸಾರಿಗೆ ಉಪ್ಪು ಹೆಚ್ಚು ಹಾಕು, ಕಮ್ಮಿ ಹಾಕು, ತಿಂತೇನೆ. ಮುಚ್ಚಳ ಮಾತ್ರ ಅದಲುಬದಲು ಮಾಡ್ಬೇಡ.” “ಆಯ್ತು ಅತ್ತೆ” ಎಂದಳು. ಅವಳ ಮಾತು ಯಾವಾಗಲೂ ಅಷ್ಟೇ ಉದ್ದ.

ಈ ಕಡಿಮೆ ಮಾತಿನ ಹೆಂಗಸಿಗೆ ಗುರಿ ಮಾತ್ರ ದೇವರು ಕೊಟ್ಟದ್ದು. ಮೂಡಿಗೆರೆಯಲ್ಲಿ ಕ್ಲಬ್ಬಿನವರು ವರ್ಷಕ್ಕೊಮ್ಮೆ ಹೆಂಗಸರಿಗೆ ಏರ್‌ಗನ್ನಿನಲ್ಲಿ ಕೋಳಿಮೊಟ್ಟೆಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. ಹೋದ ವರ್ಷ ಸುಮಿತ್ರಾ ಐದರಲ್ಲಿ ನಾಲ್ಕು ಒಡೆದಳು. ಐದೂ ಒಡೆದವರು ಕಳಸದ ನಮ್ಮ ಬೀಗಿತ್ತಿ, ಅಂದರೆ ನನ್ನ ಮಗಳ ಅತ್ತೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಎಲೆ ಅಡಿಕೆ ಜಗಿಯುತ್ತ ಬಂದು, “ನಿಮ್ಮ ಕಡೇದು ಒಂದು ಮೊಟ್ಟೆ ಉಳೀತಲ್ಲ, ಆಮ್ಲೆಟ್ಟಿಗಾಯ್ತು ಬಿಡಿ” ಎಂದರು. ಆ ಆಮ್ಲೆಟ್ಟು ವರ್ಷವಿಡೀ ನನ್ನ ಗಂಟಲಲ್ಲೇ ಇತ್ತು.

ಈ ಸಲ ಕ್ಲಬ್ಬಿನವರು ದೂರವನ್ನು ದುಪ್ಪಟ್ಟು ಮಾಡಿ, ಕೋವಿಗೆ ಸ್ಕೋಪು ಹಾಕಿಕೊಳ್ಳಬಹುದು ಎಂದರು. ಸ್ಕೋಪು ಅಂದರೆ ಕೋವಿಯ ಬೆನ್ನ ಮೇಲೆ ಕೂರುವ ಸಣ್ಣ ದುರ್ಬೀನು. ಅದನ್ನು ಹಿಡಿದುಕೊಳ್ಳಲು ಹಿಂದೊಂದು ಮುಂದೊಂದು ಬಳೆ. ಪ್ರತಿ ಬಳೆಯೂ ಎರಡು ಅರ್ಧ: ಕೆಳಗಿನ ಅರ್ಧ ಕೋವಿಗೆ ಕಚ್ಚಿಕೊಳ್ಳುತ್ತದೆ, ಮೇಲಿನ ಅರ್ಧವನ್ನು ಸ್ಕೋಪಿನ ಮೇಲೆ ಕವುಚಿ ಸ್ಕ್ರೂ ಬಿಗಿಯಬೇಕು. ಚಿಕ್ಕಮಗಳೂರಿನಿಂದ ತರಿಸಿದ್ದಾಯಿತು. ಸುಮಿತ್ರಾ ಮುಂದಿನ ಬಳೆ ಬಿಗಿದರೆ ಹಿಂದೆ ಸ್ಕೋಪಿನ ಬಾಲ ಏಳುತ್ತಿತ್ತು. ಹಿಂದೆ ಬಿಗಿದರೆ ಮುಂದೆ ಮೂತಿ ಏಳುತ್ತಿತ್ತು.

“ಬಳೆ ಎರಡೂ ಒಂದೇ ಗೆರೆಯಲ್ಲಿಲ್ಲ ಅತ್ತೆ. ಹೀಗೇ ಬಿಗಿದ್ರೆ ಸ್ಕೋಪು ಬಗ್ಗಿಹೋಗ್ತದೆ” ಎಂದಳು. ಅವಳಿಗೆ ಮೆಣಸು ಕೊಯ್ಲಿನ ಆಳುಗಳನ್ನು ಬಿಟ್ಟು ಹೋಗಲಾಗದು. ಸ್ಕೋಪನ್ನು ಮನೆಯಲ್ಲೇ ಇಟ್ಟು, ಬಳೆ ಸಮೇತ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಾನೇ ಕೊಟ್ಟಿಗೆಹಾರದ ಬಸ್ಸು ಹತ್ತಿದೆ. ಕಂಡಕ್ಟರು, “ಅಜ್ಜಿ, ಅದೆಂಥದು, ಕಬ್ಬಾ?” ಎಂದ. “ಹೌದು, ಸಿಪ್ಪೆ ಸುಲಿದು ಕೊಡ್ಲಾ?” ಎಂದೆ. ಅವನು ಟಿಕೆಟ್ಟು ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ಕೊಟ್ಟಿಗೆಹಾರದ ರಜಾಕ್ ಜೀಪಿನ ಮೆಕ್ಯಾನಿಕ್. ನಮ್ಮ ಹಳೇ ಜೀಪು ಇನ್ನೂ ಜೀಪಿನ ಹಾಗಿರುವುದು ಅವನ ಕೈಗುಣದಿಂದ. ಬಳೆಗಳನ್ನು ನೋಡಿ, “ಉಜ್ಜಿ ಕೂರಿಸ್ಬೇಕಮ್ಮ” ಎಂದ. ಪಕ್ಕದ ಲೇತ್ ಅಂಗಡಿಯಲ್ಲಿ ಸ್ಕೋಪಿನಷ್ಟೇ ದಪ್ಪದ ಉಕ್ಕಿನ ಸಲಾಕೆ ಮಾಡಿಸಿ ತಂದ. ಎಂಜಿನ್ನಿನ ವಾಲ್ವ್ ಉಜ್ಜುವ ಪೇಸ್ಟು ಬಳಿದು, ಸಲಾಕೆಯನ್ನು ಎರಡೂ ಬಳೆಗಳಲ್ಲಿ ಮಲಗಿಸಿ, ಮೇಲಿನ ಅರ್ಧಗಳನ್ನು ಸಡಿಲವಾಗಿ ಕೂರಿಸಿ, ಹಿಂದೆ ಮುಂದೆ ಎಳೆಯತೊಡಗಿದ. ಬಳೆಯ ಒಳಮೈ ಕಪ್ಪು. ಸಲಾಕೆ ತಾಗಿದಲ್ಲಿ ಮಾತ್ರ ಕಪ್ಪು ಹೋಗಿ ಬೆಳ್ಳಗೆ ಹೊಳೆಯುತ್ತದೆ. ಮೊದಲು ಅಂಚಿನಲ್ಲಿ ಉಗುರಿನಷ್ಟು ಹೊಳಪು, ಆಮೇಲೆ ಹಬ್ಬುತ್ತ ಹಬ್ಬುತ್ತ ಮುಕ್ಕಾಲು ಭಾಗ. ನೋಡಲು ಬಲು ಚೆಂದ. ಬೀಸುಕಲ್ಲು ಹೊಸದರಲ್ಲಿ ಮೇಲಿನ ಕಲ್ಲೂ ಕೆಳಗಿನ ಕಲ್ಲೂ ಜಗಳವಾಡಿ, ಕೊನೆಗೆ ಒಂದಕ್ಕೊಂದು ಒಗ್ಗುವುದು ಹೀಗೆಯೇ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಉಜ್ಜುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಇನ್ನೊಂಚೂರು ಉಜ್ಜು ಮಾರಾಯ, ಅಲ್ಲೊಂದು ಕಪ್ಪು ಉಳ್ದಿದೆ” ಎಂದೆ.

“ಅಮ್ಮ, ಇದು ಪಾತ್ರೆ ಅಲ್ಲ. ಪೂರಾ ಉಜ್ಜಿದ್ರೆ ಬಳೆ ದೊಡ್ಡದಾಗಿ ಸ್ಕೋಪು ಹಿಡಿಯೋದೇ ಇಲ್ಲ. ನೀವು ಹೋಗಿ ಚಾ ಕುಡೀರಿ.”

ಚಾ ಕುಡಿದು ಬರುವಷ್ಟರಲ್ಲಿ ಸಲಾಕೆ ತೆಗೆದು, ಮೇಲಿನ ಅರ್ಧಗಳನ್ನು ಬಿಚ್ಚಿಟ್ಟಿದ್ದ. “ಮನೇಲಿ ಸೀಮೆಎಣ್ಣೆ ಹಾಕಿ ಪೇಸ್ಟೆಲ್ಲ ತೆಗೀರಿ. ಒಂದು ಕಣ ಉಳಿದ್ರೂ ಸ್ಕೋಪಿನ ಮೈ ತಿಂತದೆ. ಮತ್ತೆ ಅಮ್ಮ, ಜೋಡಿಸೋವಾಗ ಒಂದು ವಿಷಯ...”

“ನಲವತ್ತೆರಡು ವರ್ಷ ಜೋಡಿಸಿಟ್ಟವಳಿಗೆ ನೀನು ಜೋಡಿಸೋದು ಹೇಳ್ಕೊಡ್ಬೇಡ” ಎಂದು ಬಸ್ಸಿಗೆ ಓಡಿದೆ.

ಮನೆಗೆ ಬಂದು ಕೋವಿಯ ಮೇಲಿದ್ದ ಕೆಳಗಿನ ಅರ್ಧಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಮೇಲಿನ ಅರ್ಧಗಳನ್ನು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ತೊಳೆದೆ. ಆ ರಜಾಕ್ ಎಲ್ಲೆಲ್ಲಿ ಕೈಯಿಟ್ಟಿದ್ದನೋ, ಅವುಗಳ ಬೆನ್ನ ಮೇಲೆ ಬಿಳೀ ಪೆಯಿಂಟು ಹನಿ ಹನಿ ಮೆತ್ತಿಕೊಂಡಿತ್ತು. ಅದನ್ನೂ ಬಿಡಲಿಲ್ಲ. ಮೊರದಲ್ಲಿ ಒಣಗಿಸಿ, ಸ್ಕೋಪು ಇಟ್ಟು, ನಾನೇ ಸ್ಕ್ರೂ ಬಿಗಿದೆ. ಬೆಳ್ಳಿ ಕಾಲುಂಗುರದ ಹಾಗೆ ಹೊಳೆಯುತ್ತಿದ್ದವು.

ಸುಮಿತ್ರಾ ಬೇಲಿಗೂಟದ ಮೇಲೆ ನಿಂಬೆಹಣ್ಣು ಇಟ್ಟು ಹೊಡೆದಳು. ತಪ್ಪಿತು. ಗುರಿ ಸರಿಪಡಿಸುವ ಸ್ಕೋಪಿನ ತಿರುಪು ತಿರುಗಿಸಿ ಮತ್ತೆ ಹೊಡೆದಳು. ಇನ್ನೊಂದು ಕಡೆಗೆ ತಪ್ಪಿತು. ನಾಲ್ಕು ದಿನ ಹೊಡೆದಳು. ಎರಡು ಗುಂಡು ಒಂದೇ ಕಡೆ ಬಿದ್ದದ್ದಿಲ್ಲ. ಆ ನಾಲ್ಕು ದಿನವೂ ನಾನು ಜಗಲಿಯಲ್ಲಿ ಕೂತು ತಿದ್ದಿದೆ. “ಉಸಿರು ಬಿಗಿಹಿಡಿಯೇ.” “ಎಡಗೈ ನಡುಗ್ತಾ ಉಂಟು.” “ಮೊನ್ನೆಯಿಂದ ನಿನ್ನ ಮನಸ್ಸೇ ಸರಿಯಿಲ್ಲ.” ಆಳುಗಳ ಎದುರಿಗೂ ಹೇಳಿದೆ. ಐದನೇ ದಿನ, ಸ್ಪರ್ಧೆಗೆ ಒಂದೇ ದಿನ ಇರುವಾಗ, ಅವಳು ಕೋವಿಯನ್ನು ಗೋಡೆಗೆ ಒರಗಿಸಿ, “ಕ್ಲಬ್ಬಿಗೆ ಫೋನ್ ಮಾಡಿ ಹೆಸರು ತೆಗೆಸ್ದೆ ಅತ್ತೆ. ನನ್ನ ಕೈ ಹೋಗಿದೆ” ಎಂದಳು. ತನ್ನ ಬಗ್ಗೆ ಅಷ್ಟುದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಕಣ್ಣು ಕೆಂಪಗಿತ್ತು. ನನಗೇನೋ ಸರಿ ಕಾಣಲಿಲ್ಲ. ಆದರೂ, “ಹೋದ್ರೆ ಹೋಗ್ಲಿ” ಎಂದು ಒಳಗೆ ಹೋದೆ.

ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಗೆ ಬಂದಳು. ಅಂಗೈಯಲ್ಲಿ ಬಳೆಯ ಮೇಲಿನ ಅರ್ಧ ಎರಡೂ ಇದ್ದವು, ಕಂಕುಳಲ್ಲಿ ಕೋವಿ. “ಸ್ಕೋಪು ಮನೆಯೊಳಗೆ ತಂದಿಡೋಣ ಅಂತ ಬಿಚ್ಚಿದೆ. ನೋಡಿ ಅತ್ತೆ, ಕೆಳಗಿನ ಅರ್ಧದ ಹೊಳಪು ಎಲ್ಲಿ ನಿಲ್ತದೋ, ಮೇಲಿನದರಲ್ಲಿ ಅಲ್ಲಿಂದಲೇ ಮುಂದುವರೀಬೇಕಲ್ಲ? ಇದರಲ್ಲಿ ಮುಂದುವರಿಯೋದೇ ಇಲ್ಲ. ರಜಾಕಣ್ಣ ಗುರುತು ಏನೂ ಹಾಕಿರ್ಲಿಲ್ವಾ?”

“ಎಂಥ ಗುರುತು? ಒಂದರ ಮೇಲೆ ಒಂದು ಬಿಳೀ ಚುಕ್ಕಿ, ಇನ್ನೊಂದರ ಮೇಲೆ ಎರಡು ಚುಕ್ಕಿ ಕೊಳೆ ಇತ್ತು. ಬೂದಿ ಹಾಕಿ ಉಜ್ಜಿ...”

ಒಲೆಯ ಮೇಲೆ ಹಾಲು ಉಕ್ಕಿತು, ಇಬ್ಬರೂ ನೋಡಲಿಲ್ಲ.

ಸುಮಿತ್ರಾ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಇಟ್ಟು, ಒಂದನ್ನು ತಿರುಗಿಸಿ ನೋಡಿದಳು. ಹೊಳಪಿಗೆ ಹೊಳಪು ಕೂಡಿತು. ಆಮೇಲೆ ಗೂಡಿನಲ್ಲಿದ್ದ ಸಕ್ಕರೆ ಡಬ್ಬದ ಕಡೆ ಒಮ್ಮೆ ನೋಡಿದಳು. ಬರೀ ನೋಡಿದಳು, ಅಷ್ಟೆ.

ಸ್ಕೋಪು ಕೂರಿಸಿ, ತಿರುಪು ಸರಿಮಾಡಿಕೊಂಡು ಹೊಡೆದ ಮೂರು ನಿಂಬೆಹಣ್ಣೂ ಹಾರಿಹೋದವು. ಕ್ಲಬ್ಬಿಗೆ ನಾನೇ ಫೋನ್ ಮಾಡಿದೆ. “ಸುಮಿತ್ರಾ ಹೆಸರು ಮತ್ತೆ ಬರ್ಕೊಳ್ಳಿ.” ಸೆಕ್ರೆಟರಿ, “ಅವ್ರ ಕೈ ಸರಿಯಿಲ್ಲ ಅಂದ್ರಲ್ಲಮ್ಮ?” ಎಂದರು. “ಅವಳ ಕೈ ಸರಿ ಉಂಟು. ಕೆಟ್ಟದ್ದು ನನ್ನ ಕೈ. ಬೇಕಾದ್ರೆ ಅದನ್ನೂ ಬರ್ಕೊಳ್ಳಿ” ಎಂದೆ. ಅವರು ಬರೆದುಕೊಂಡರೋ ಇಲ್ಲವೋ, ಸಂಜೆಯೊಳಗೆ ಕಳಸಕ್ಕಂತೂ ಸುದ್ದಿ ಮುಟ್ಟಿತ್ತು.

ಮರುದಿನ ಸುಮಿತ್ರಾ ಐದೂ ಒಡೆದಳು. ಬೀಗಿತ್ತಿಯವರದು ಒಂದು ಉಳಿಯಿತು. ನಾನು ಆಮ್ಲೆಟ್ಟಿನ ಮಾತು ಎತ್ತುವಷ್ಟರಲ್ಲಿ ಅವರೇ, “ಬೂದಿ ಹಾಕಿ ಉಜ್ಜಿದ್ರಂತೆ?” ಎಂದುಬಿಟ್ಟರು. ವರ್ಷವಿಡೀ ಕಾದಿಟ್ಟ ಮಾತು ಹಾಗೇ ನುಂಗಿಕೊಂಡೆ.

ಬಹುಮಾನವೆಂದು ಕೊಟ್ಟದ್ದು ಆರು ಸ್ಟೀಲ್ ಡಬ್ಬ. ಎಲ್ಲ ಒಂದೇ ಅಳತೆ. ಮೊನ್ನೆ ತೆಂಗಿನ ನಾರು ಹಿಡಿದು ಅವನ್ನು ತೊಳೆಯಲು ಕೂತೆ. ಪ್ರತಿ ಡಬ್ಬದ ಮೇಲೂ ಅದರ ಮುಚ್ಚಳದ ಮೇಲೂ ಬಿಳೀ ಪೆಯಿಂಟಿನ ಚುಕ್ಕಿ: ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಹೀಗೆ ಆರರವರೆಗೆ. ಹೊಳೆಯುವ ಸ್ಟೀಲಿನ ಮೇಲೆ ಎಷ್ಟು ಅಸಹ್ಯ! ನನ್ನ ಹೆಬ್ಬೆರಳಿನ ಉಗುರು ತಾನಾಗಿ ಅಲ್ಲಿಗೆ ಹೋಯಿತು.

“ಅತ್ತೆ” ಎಂದಳು ಸುಮಿತ್ರಾ, ಒಳಗಿನಿಂದಲೇ. ಅಷ್ಟೇ ಉದ್ದದ ಮಾತು.

ನಾರನ್ನು ಕೆಳಗಿಟ್ಟೆ.