ರಾಜಕುಮಾರಿ ಗವಿಯೊಳಗ, ಕುಬಸ ಟೇಲರ್ ಕಡೆ

ಹೇಮಂತ: ಇದಕ್ಕ ಕಥಿ ಅಂತಾರೇನು? ಬರದಾಂವಗ ತಲೀನ ಇಲ್ಲ.

ಅಮೃತಾ: ಅವನ ತಲಿ ಆಮ್ಯಾಲೆ ನೋಡೂಣು. ಕುಬಸ ಎಲ್ಲೈತ್ರಿ?

ಇವತ್ತು ಸಂಶಿ ಊರಲ್ಲಿ ಅಮೃತಾಳ ತಂಗಿ ರೋಹಿಣಿಯ ಸೀಮಂತ. ತವರಿನ ಕುಬಸ, ಅಂದರೆ ಹೊಸ ರವಿಕೆ, ತೊಡಿಸಿದ ಮೇಲೇ ಆರತಿ. ತಾಯಿಯಿಲ್ಲದ ಆ ಹುಡುಗಿಗೆ ತವರೆಂದರೆ ಅಕ್ಕನೊಬ್ಬಳೇ. ಹೊಲಿಯಲು ಕೊಟ್ಟಿದ್ದ ಕುಬಸ ತರಲು ಬೆಳಗ್ಗೆ ಹೊರಟ ಗಂಡ ಹೇಮಂತ ತಮ್ಮೂರು ಕುಬಿಹಾಳವನ್ನೆಲ್ಲ ಸುತ್ತಿ, ಕುಬಸ ಮಾತ್ರ ತರದೆ ಬಂದು, ಟಿವಿಗೆ ಹಚ್ಚಿದ ವಿಡಿಯೋ ಗೇಮಿನ ಮುಂದೆ ಕೂತಿದ್ದ. ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತ ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೇಮಂತ: ನೀನ ಹೇಳು. ರಾಜನ ಮಗಳನ್ನ ರಾಕ್ಷಸ ಗವಿಯೊಳಗ ಇಟ್ಟಾನ. ಬಿಡಿಸ್ಕೊಂಡ ಬಾ ಅಂತ ಈ ವೀರನ್ನ ಕಳಿಸ್ಯಾರ. ಇಂವ ಹಾದ್ಯಾಗ ಕಂಡಕಂಡವರ ಕೋಳಿ ಹಿಡದು ಕೊಡ್ತಾನ, ಕುದರಿ ಮೈ ತಿಕ್ಕತಾನ.

ಅಮೃತಾ: ಅವನ್ನ ಆಡ್ಸಾವರು ಯಾರು?

ಹೇಮಂತ: ನಾನ. ಎಲ್ಲೆ ಬೇಕಾದಲ್ಲೆ ಅಡ್ಡಾಡು ಅಂತ ಬಿಟ್ಟಾರ, ಯಾರೂ ಬೈಯಂಗಿಲ್ಲ. ಅದ ತಪ್ಪು. ಇಂಥಾ ಮನಷಾ ಎಲ್ಲರೆ ಇರ್ತಾನೇನು?

ಅಮೃತಾ: ಮುಂಜಾನೆ ಮಾಂತೇಶನ ಟ್ರ್ಯಾಕ್ಟರಿಗೆ ಗೊಬ್ಬರ ಹೇರಿದವರು ಯಾರ್ರಿ?

ಹೇಮಂತ: ಅಂವ ಕರದಾ.

ಅಮೃತಾ: ಹನಮವ್ವನ ಮೊಬೈಲಿಗೆ ರೀಚಾರ್ಜ್ ಮಾಡ್ಸಿದವರು?

ಹೇಮಂತ: ಮುದುಕಿ ಕೇಳಿದ್ಲು.

ಅಮೃತಾ: ಭೀಮೇಶನ ಹೋರಿ ನೋಡಾಕ ಹೋದವರು?

ಹೇಮಂತ: ಹೋರಿ ಛಲೋ ಐತಿ.

ಅಮೃತಾ: ನನಗ ಈ ಕಥಿ ಅಗದಿ ಖರೇ ಅನಸ್ತೈತ್ರಿ. ಬರದಾಂವ ನಮ್ಮನಿಗೆ ಬಂದು ಹೋಗಿರಬೇಕು.

ಒಳಗಿನಿಂದ ಅತ್ತೆ ಸುಶೀಲವ್ವ ಉಡಿ ತುಂಬುವ ಬುಟ್ಟಿ ಹಿಡಿದು ಬಂದಳು. ಮಗನ ಪರ ವಕೀಲಿ ಮಾಡುವುದು ಆಕೆಗೆ ಊಟದಷ್ಟೇ ರೂಢಿ.

ಸುಶೀಲವ್ವ: ಗಂಡಸು ನಾಕ ಮಂದಿಗೆ ಆಗಬೇಕವಾ. ಗವಿಯಾಗಿನ ಆ ಹುಡಿಗಿ ಯಾವಾಗ ಹೋದ್ಲಪಾ?

ಹೇಮಂತ: ನಾ ಆಟ ಚಾಲೂ ಮಾಡಿದಾಗ, ಯುಗಾದಿ ಮುಂದ.

ಸುಶೀಲವ್ವ: ಇನ್ನೂ ಬಂದಿಲ್ಲ? ಅವರವ್ವ ಏನಂತಾಳ?

ಹೇಮಂತ: ಅವರವ್ವನ್ನ ಬರದ ಇಲ್ಲ. ಅಪ್ಪ ಬಾಗಿಲದಾಗ ನಿಂತಾನ. ಯಾವಾಗ ಹೋದ್ರೂ ಒಂದ ಮಾತು, 'ವೀರಾ, ನನ್ನ ಮಗಳನ್ನು ಉಳಿಸು.' ಸಿಟ್ಟಿಲ್ಲ, ಅಳು ಇಲ್ಲ. ಇದೊಂದು ಪಾತ್ರಾ?

ಅಮೃತಾ: ನಾನೂ ಮುಂಜಾನಿಂದ ಬಾಗಿಲದಾಗ ನಿಂತು ಒಂದ ಮಾತ ಅನ್ನಾಕತ್ತೀನಿ. ನನ್ನ ಪಾತ್ರಾನೂ ಸುಮಾರೇನ್ರಿ?

ಹೇಮಂತ: ನಿಂದ ಹಂಗಲ್ಲ. ನಿಂದು ದನಿ ಏರಕೋಂತ ಹೊಂಟೈತಿ.

ಸುಶೀಲವ್ವ: ಟಿವ್ಯಾಗ ಈಗ ಯಾರ ಮನಿ ಹೊಕ್ಕೀಯೋ?

ಹೇಮಂತ: ಗೊತ್ತಿಲ್ಲವಾ. ಯಾರ ಮನೀಗರೆ ಹೋಗಬಹುದು, ಪೆಟ್ಟಿಗಿ ತೆಗದು ಬೇಕಾದ್ದ ತಗೋಬಹುದು.

ಸುಶೀಲವ್ವ: ಮನಿ ಹೆಣ್ಮಗಳು ಅಲ್ಲೇ ನಿಂತಾಳಲ್ಲೋ.

ಹೇಮಂತ: 'ಇಂದು ಹವೆ ಚೆನ್ನಾಗಿದೆ' ಅಂತಾಳ, ಅಷ್ಟ.

ಸುಶೀಲವ್ವ: ಯಾವೂರು, ಯಾರ ಪೈಕಿ ಅಂತ ಕೇಳಂಗಿಲ್ಲ? ಚಾ ಕುಡೀತೀರೇನು ಅನ್ನಂಗಿಲ್ಲ?

ಹೇಮಂತ: ಇಲ್ಲ.

ಸುಶೀಲವ್ವ: ಅಂಥಾ ಊರಾಗಿಂದ ಹುಡಿಗ್ಯಾರನ್ನ ಎತ್ಕೊಂಡ ಹೋಗದ ಇನ್ನೇನ ಮಾಡ್ತಾರ.

ಅಷ್ಟರಲ್ಲಿ ಫೋನು ಬಂತು. ಆ ಕಡೆ ರೋಹಿಣಿ. 'ಅಕ್ಕಾ, ಮಂದಿ ಕೂಡೇತಿ. ತವರವರು ಬರಂಗಿಲ್ಲಂದ್ರ ಪೇಟ್ಯಾಗಿಂದ ಒಂದ ಕುಬಸ ತರಸೂಣು ಅನ್ನಾಕತ್ತಾರ ನಮ್ಮತ್ತಿ.'

ಅಮೃತಾಳ ಕಣ್ಣಲ್ಲಿ ನೀರು ಬಂತು. ಬೇರೆಯವರ ಕುಬಸ ತೊಟ್ಟು ತಂಗಿ ಆರತಿಗೆ ಕೂತರೆ ತಾನು ಅಕ್ಕನಾಗಿ ಇದ್ದೂ ಇಲ್ಲದಂತೆ. ಸುಶೀಲವ್ವ ಮಗನನ್ನು ದುರುಗುಟ್ಟಿ ನೋಡಿದಳು.

ಹೇಮಂತ: ಹೊಂಟೆ, ಹೊಂಟೆ. ಇದೊಂದ ಕೋಳಿ ಹಿಡದು ಕೊಟ್ಟ ಬಿಡ್ತೀನಿ.

ಅಮೃತಾ: ನೀವು ಹಿಡೀರಿ. ಸ್ಕೂಟಿ ಕೀಲಿ ಇತ್ತಾಗ ಕೊಡ್ರಿ. ಟೇಲರ್ ಜಹೀರ್ ಅಣ್ಣನ ಅಂಗಡಿ ಹೊಕ್ಕು ನಾನ ಕುಬಸ ತಗೊಂಡ ಹೋಗ್ತೀನಿ.

ಗಾಡಿ ಚಾಲೂ ಆಯಿತು. ಹೇಮಂತ ಚಪ್ಪಲಿ ಹುಡುಕಿಕೊಂಡು ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಸುಶೀಲವ್ವ ಸೆರಗು ಬಿಗಿದು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸೊಸೆಯ ಹಿಂದೆ ಕೂತಾಗಿತ್ತು.

ಹೇಮಂತ: ಅವ್ವಾ, ನೀ ಹಿಂದ ಕೂತ್ರ ನಾ ಎಲ್ಲೆ ಕೂಡ್ಲಿ?

ಸುಶೀಲವ್ವ: ನೀ ಇಲ್ಲೇ ಕೂಡಪಾ. ನಿನ್ನ ಬಿಡಿಸ್ಕೊಂಡ ಹೋಗಾಕ ಯಾರರೆ ವೀರರು ಬರ್ತಾರ. ಹಾದ್ಯಾಗ ಅವರಿಗೂ ನಾಕ ಕೆಲಸ ಇರ್ತಾವ, ಒಂಚೂರ ತಡಾ ಆಕ್ಕೈತಿ.