ಹೂವಿನ ಧೂಳು ಕದ್ದ ಅತ್ತೆ

ನಮ್ಮ ವಂಶದಲ್ಲಿ ಕಳ್ಳರೇ ಇರಲಿಲ್ಲ, ನಮ್ಮ ಸೋದರತ್ತೆಯೊಬ್ಬರನ್ನು ಬಿಟ್ಟು! ಅವರು ಕದಿಯುತ್ತಿದ್ದುದು ಚಿನ್ನವನ್ನಲ್ಲ, ಹೂವನ್ನೂ ಅಲ್ಲ. ಹೂವಿನೊಳಗಿನ ಧೂಳನ್ನು. ಎಂಬತ್ತರ ದಶಕದ ಮೊದಲ ವರ್ಷಗಳವು. ಹೆಬ್ಬಾಳದ ಕಡೆ ಔಷಧಿಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ಅತ್ತೆ ಭಾನುವಾರ ಬಂತೆಂದರೆ ಹತ್ತಿರದ ಸಿಂಗಾಪುರ ಎಂಬ ಹಳ್ಳಿಯ ಹೊಲಗಳಿಗೆ ಹೋಗಿ, ನನ್ನ ಡ್ರಾಯಿಂಗ್ ಬ್ರಷ್ಷಿನಿಂದ ಸೂರ್ಯಕಾಂತಿಗಳ ಮುಖ ಸವರಿ ಪರಾಗ ತುಂಬಿಕೊಂಡು ಬರುತ್ತಿದ್ದರು.

"ಊವ ಬುಟ್ಟು ಧೂಳ್ ತಗೊಂಡೋಗೋರ್ನ ಈಗ್ಲೇ ನೋಡಿದ್ದು ಕಣವ್ವಾ" ಎಂದನಂತೆ ಹೊಲದ ಯಜಮಾನ.

ಆರ್.ಟಿ. ನಗರದ ನಮ್ಮ ಮನೆಯ ದಾಸವಾಳಗಳಿಗೂ ಬಿಡುವಿರಲಿಲ್ಲ. ಅತ್ತೆ ಕೊಡವಿ ಮುಗಿಸಿದ ಮೇಲೆಯೇ ಅವು ದೇವರ ತಲೆಗೇರಬೇಕು. ಅಜ್ಜಿ ಗೊಣಗಿದರೆ, ದೇವರಿಗೆ ಸೀನು ಬಾರದಿರಲಿ ಅಂತ ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು.

ಪರಾಗದ ಒಂದೊಂದು ಕಣವೂ ಕಣ್ಣಿಗೆ ಕಾಣದ ಡಬ್ಬಿಯಂತೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೂ ಸಿಪ್ಪೆ ಜಗ್ಗುವುದಿಲ್ಲವಂತೆ. ಒಳಗಿನದನ್ನೆಲ್ಲ ಕರಗಿಸಿ, ತೊಳೆದು, ಖಾಲಿ ಡಬ್ಬಿಗೆ ಔಷಧಿ ತುಂಬಿದರೆ ಕಹಿಯೆಂಬುದು ನಾಲಿಗೆಗೆ ತಿಳಿಯದೆ ಹೊಟ್ಟೆ ಸೇರುತ್ತದಂತೆ! ಲ್ಯಾಬಿನವರು ಇದನ್ನು ಹುಚ್ಚು ಎಂದಿದ್ದರಿಂದ ನಮ್ಮ ಹಿತ್ತಲಿನ ಸೀಮೆಎಣ್ಣೆ ಸ್ಟೌವೇ ಅತ್ತೆಯ ಲ್ಯಾಬಾಗಿತ್ತು.

ತೊಡಕಾದದ್ದು ನಾನು. ನನಗೆ ಉಬ್ಬಸ. ಹೂ ಬಿಡುವ ಕಾಲಕ್ಕೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಕಹಿ ಮಾತ್ರೆ ಕೊಟ್ಟರೆ ಉಗುಳುತ್ತಿದ್ದೆ. ಅಂಥ ಮಗುವಿರುವ ಮನೆಗೆ ಯಾರಾದರೂ ಪರಾಗ ತರುತ್ತಾರೆಯೇ? ಒಂದು ಗುರುವಾರ ಅಪ್ಪ, ನಾಳೆಯೊಳಗೆ ಎಲ್ಲವನ್ನೂ ಎಸೆಯಬೇಕು ಎಂದುಬಿಟ್ಟರು.

"ಅವಳ ಉಸಿರು ಕಟ್ಟಿಸೋದರ ಕೈಲೇ ಅವಳ ಔಷಧಿ ಹೊರಿಸ್ಬೇಕು ಅಂತ ಕಣೋ ನಾನು ಒದ್ದಾಡ್ತಿರೋದು. ತೊಳೆದ ಮೇಲೆ ಅದು ಏನೂ ಮಾಡಲ್ಲ."

"ಅವಳಿಗೆ ಕೊಟ್ಟು ನೋಡಿದೀಯಾ?"

"ಅವಳ ಮೇಲೆ ಪರೀಕ್ಷೆ ಮಾಡಲ್ಲ ನಾನು" ಎಂದರು ಅತ್ತೆ.

ಮರುದಿನ ಅಮ್ಮ ಅಕ್ಕಪಕ್ಕದವರನ್ನು ಅರಿಸಿನ ಕುಂಕುಮಕ್ಕೆ ಕರೆದಿದ್ದರು. ಮನೆಯಲ್ಲಿ ಅರಿಸಿನ ಮುಗಿದಿತ್ತು. ಹಿತ್ತಲ ಕಿಟಕಿಯಲ್ಲಿ ಹಳದಿ ಪುಡಿಯ ಬಾಟಲಿಯೊಂದು ಕಂಡಿತು. ಬಟ್ಟಲಿಗೆ ಸುರಿದು ಎಲ್ಲರಿಗೂ ಕೊಟ್ಟರು, ನನ್ನ ಕೆನ್ನೆಗೂ ಧಾರಾಳವಾಗಿ ಬಳಿದರು! ಇಷ್ಟು ಸಪ್ಪೆ ಅರಿಸಿನ ಯಾವ ಅಂಗಡಿಯದೆಂದು ಪಕ್ಕದ ಮನೆಯವರು ವಿಚಾರಿಸಿಕೊಂಡು ಹೋದರು.

ಸಂಜೆ ಬಂದ ಅತ್ತೆ, ತೊಳೆದ ಪರಾಗವಿಟ್ಟಿದ್ದ ಬಾಟಲಿ ಖಾಲಿಯಾಗಿರುವುದನ್ನೂ ನನ್ನ ಮುಖವನ್ನೂ ನೋಡಿ ಕೈಚೀಲ ಕೆಳಗೆ ಬಿಟ್ಟರು. ಅಪ್ಪ ಆಟೋ ತರಲು ಓಡಿದರು. ಎಲ್ಲರೂ ನನ್ನ ಉಬ್ಬಸಕ್ಕಾಗಿ ಕಾದು ಕುಳಿತರು. ಅದು ಬರಲೇ ಇಲ್ಲ. ಊಟದ ಹೊತ್ತಿಗೆ ನಾನು ಮತ್ತೊಮ್ಮೆ ಸಾರನ್ನ ಹಾಕಿಸಿಕೊಂಡೆ. ಸ್ಟೌ ಹಿತ್ತಲಲ್ಲೇ ಇರಲಿ ಬಿಡು ಎಂದರು ಅಪ್ಪ.

ಅತ್ತೆಯ ಔಷಧಿ ಯಾವ ಅಂಗಡಿಗೂ ಬರಲಿಲ್ಲ, ನಿಜ. ಆದರೂ ಅವರ ಸೋದರಸೊಸೆಯೆಂದು ಹೇಳಿಕೊಳ್ಳಲು ನನಗೆ ಇಂದಿಗೂ ಹೆಮ್ಮೆ. ಗೆದ್ದವರು ಆ ಸಂಜೆ ಬೀಗಬೇಕಿತ್ತಲ್ಲವೇ? ಅತ್ತೆ ಮಾತ್ರ ನನ್ನ ಬೆನ್ನಿಗೆ ಕಿವಿಯಿಟ್ಟು ಕುಳಿತಿದ್ದರು. ನನ್ನ ರವಿಕೆ ಅವರ ಕಣ್ಣೀರಿಗೆ ಒದ್ದೆಯಾಗುತ್ತಿತ್ತು.

"ಇನ್ನೊಂದ್ಸಲ ಉಸಿರಾಡು ಪುಟ್ಟಿ" ಎಂದರು.